ತಾಮ್ರದ ಮೇಲೆ ಅಚ್ಚು

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಶಾಲೆಯ ವಿಜ್ಞಾನದ ಕೊಠಡಿಯಿಂದ ಮನೆಗೆ ಹಿಂತಿರುಗಿದ ಕೆಲವು ಮಕ್ಕಳ ಬಿಳಿಯ ಅಂಗಿಗಳ ಮೇಲೆ ತುಕ್ಕಿನ ಬಣ್ಣದ ಕಲೆಗಳು ಕಂಡುಬಂದುವು. ಎಷ್ಟು ಒಗೆದರೂ ಅವು ಹೋಗಲಿಲ್ಲ. ಮರುದಿನ ನಾಲ್ಕಾರು ಮಂದಿ ತಾಯಂದಿರು ಶಾಲೆಗೆ ಬಂದು, ಮಕ್ಕಳ ಕೈಯಲ್ಲಿ ಇದೆಂತಹ ಕೆಲಸ ಮಾಡಿಸುತ್ತಿದ್ದೀರಿ, ಈ ದ್ರವವು ವಿಷವೆ, ಕೆಲಸವಾದ ಮೇಲೆ ಅದನ್ನು ಎಲ್ಲಿ ಚೆಲ್ಲುತ್ತೀರಿ ಎಂದು ಕೇಳಿದರು. ಮೂರೂ ಕೇಳತಕ್ಕ ಪ್ರಶ್ನೆಗಳೇ. ಮೊದಲನೆಯ ಎರಡಕ್ಕೆ ನಾವು ಅಲ್ಲಿಯೇ ಉತ್ತರ ಹೇಳಿದೆವು. ಮೂರನೆಯದಕ್ಕೆ ಆ ದಿನ ನಮ್ಮಲ್ಲಿ ತಕ್ಕ ಉತ್ತರವಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಆ ಉತ್ತರವು ಅನಂತರ ಒಬ್ಬ ವಿದ್ಯಾರ್ಥಿಯ ತಂದೆಯಿಂದಲೇ ದೊರೆಯಿತು. ಅದನ್ನು ಮುಂದೆ ಹೇಳುವೆವು. ಅದಕ್ಕೆ ಮುನ್ನ, ಆ ಕೊಠಡಿಯಲ್ಲಿ ನಡೆಯುತ್ತಿದ್ದ ಕೆಲಸವೇನು ಎಂಬುದನ್ನು ಮಕ್ಕಳಿಗೂ ಹಿರಿಯರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಕೆಟ್ಟುಹೋದ ಒಂದು ರೇಡಿಯೋವನ್ನೋ ಮೊಬೈಲಿನ ಚಾರ್ಜರನ್ನೋ ಬಿಚ್ಚಿ ನೋಡಿದವರು, ಅದರೊಳಗೆ ಹಸಿರು ಅಥವಾ ಕಂದು ಬಣ್ಣದ ಒಂದು ತೆಳು ಹಲಗೆಯನ್ನು ಕಂಡಿರಬಹುದು. ಅದರ ಒಂದು ಮೈಯಲ್ಲಿ ಬಿಡಿಭಾಗಗಳು ನಿಂತಿರುವುವು. ಇನ್ನೊಂದು ಮೈಯಲ್ಲಿ ಊರಿನ ನಕ್ಷೆಯ ದಾರಿಗಳಂತೆ ತಾಮ್ರದ ಗೆರೆಗಳು ಹರಿದಿರುವುವು. ವಿದ್ಯುತ್ತು ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವುದು ಈ ಗೆರೆಗಳ ಮೂಲಕವೇ. ಇದನ್ನು ಅಚ್ಚಿನ ವಿದ್ಯುನ್ಮಂಡಲದ ಹಲಗೆಯೆಂದೂ, ಬಳಕೆಯಲ್ಲಿ ಚಿಕ್ಕದಾಗಿ ಪಿ.ಸಿ.ಬಿ. ಎಂದೂ ಕರೆಯುವರು. ಇದು ಬರುವುದಕ್ಕೆ ಮುಂಚೆ ರೇಡಿಯೋ ಪೆಟ್ಟಿಗೆಗಳಲ್ಲಿ ಪ್ರತಿಯೊಂದು ತಂತಿಯನ್ನೂ ಕೈಯಿಂದಲೇ ಬೆಸೆಯಬೇಕಾಗಿತ್ತು. ವಿಯೆನ್ನಾ ನಗರದಲ್ಲಿ 1907ರಲ್ಲಿ ಹುಟ್ಟಿದ ಪಾಲ್ ಐಸ್ಲರ್ ಎಂಬ ಎಂಜಿನಿಯರು 1936ರಲ್ಲಿ ಇಂಗ್ಲೆಂಡಿಗೆ ವಲಸೆ ಬಂದನು. ಮುದ್ರಣದ ಕೆಲಸವನ್ನು ಬಲ್ಲವನಾದ ಅವನಿಗೆ, ಅಕ್ಷರಗಳನ್ನು ಅಚ್ಚುಹಾಕುವಂತೆಯೇ ತಂತಿಗಳನ್ನೂ ಏಕೆ ಅಚ್ಚುಹಾಕಬಾರದೆಂಬ ಯೋಚನೆ ಹೊಳೆಯಿತು. ಅವನ ಪೇಟೆಂಟಿನ ಅರ್ಜಿ ಸಲ್ಲಿಕೆಯಾದದ್ದು ಯುದ್ಧದ ನಡುವೆ, 1943ರಲ್ಲಿ. ಅಂದಮೇಲೆ ಈ ವಿದ್ಯೆಯು ಅಚ್ಚುಕೂಟದಲ್ಲಿಯೇ ಹುಟ್ಟಿದ್ದೆನ್ನಬಹುದು. ನಮ್ಮ ಮಕ್ಕಳು ಅದನ್ನು ಮತ್ತೆ ಅಚ್ಚಿನ ಯಂತ್ರಕ್ಕೇ ತಂದು ಸೇರಿಸಿದ್ದಾರೆ, ಅಷ್ಟೆ.

ಅಂಗಡಿಯಲ್ಲಿ ದೊರೆಯುವ ಬರಿಯ ಹಲಗೆಯು ಸುಮಾರು 1.6 ಮಿಲಿಮೀಟರ್ ದಪ್ಪನಾದ ಗಾಜುನಾರಿನ ಇಲ್ಲವೆ ಕಾಗದ ಮತ್ತು ರಾಳದ ಫಲಕ. ಅದರ ಒಂದು ಮೈಗೆ ತಾಮ್ರದ ತಗಡನ್ನು ಅಂಟಿಸಿರುವರು. ಆ ತಗಡಿನ ದಪ್ಪ ಸಾಧಾರಣವಾಗಿ 35 ಮೈಕ್ರಾನ್, ಎಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಮೆ. ಇಡೀ ಮೈ ತಾಮ್ರವೇ ಆಗಿರುವುದರಿಂದ ನಾವು ಗೆರೆಗಳನ್ನು ಹೊಸದಾಗಿ ಬರೆಯುವುದಿಲ್ಲ. ಬೇಡವಾದ ತಾಮ್ರವನ್ನು ಕರಗಿಸಿ ತೆಗೆದು, ಬೇಕಾದಷ್ಟನ್ನು ಉಳಿಸಿಕೊಳ್ಳುತ್ತೇವೆ. ಬಾತಿಕ್ ಬಟ್ಟೆ ಮಾಡುವವರು ಬಣ್ಣ ಹಿಡಿಯಬಾರದ ಕಡೆ ಮೇಣವನ್ನು ಬಳಿಯುವರಷ್ಟೆ? ಇಲ್ಲಿಯೂ ಹಾಗೆಯೇ. ಉಳಿಯಬೇಕಾದ ತಾಮ್ರದ ಮೇಲೆ, ದ್ರಾವಣವು ತಾಕದಂತೆ ಏನಾದರೊಂದು ಹೊದಿಕೆ ಬೇಕು. ಆ ಹೊದಿಕೆಯು ನಮ್ಮ ಪೇಟೆಯ ಪ್ರತಿಯೊಂದು ಝೆರಾಕ್ಸ್ ಅಂಗಡಿಯಲ್ಲಿಯೂ ಇದೆಯೆಂಬುದೇ ಈ ವಿಷಯದಲ್ಲಿ ನಮಗೆ ಅತ್ಯಂತ ಸ್ವಾರಸ್ಯವಾಗಿ ತೋರಿದ ಅಂಶ.

ಲೇಸರ್ ಮುದ್ರಣ ಯಂತ್ರದಲ್ಲಿಯೂ ಝೆರಾಕ್ಸ್ ಯಂತ್ರದಲ್ಲಿಯೂ ಶಾಯಿಯಿಲ್ಲ. ಅಲ್ಲಿರುವುದು ಟೋನರ್ ಎಂಬ ಕರಿಯ ಪುಡಿ. ಮಸಿಯನ್ನು ಬೆರೆಸಿದ ಬಹು ನುಣ್ಣಗಿನ ಪ್ಲಾಸ್ಟಿಕ್ ಪುಡಿಯೇ ಅದು. ಇದರ ಹಿಂದೆ ಚೆಸ್ಟರ್ ಕಾರ್ಲ್‌ಸನ್ ಎಂಬ ಅಮೆರಿಕದವನ ತಾಳ್ಮೆಯ ಕಥೆಯಿದೆ. ನ್ಯೂಯಾರ್ಕಿನ ಒಂದು ಕಂಪೆನಿಯ ಪೇಟೆಂಟ್ ವಿಭಾಗದಲ್ಲಿ ದುಡಿಯುತ್ತಿದ್ದ ಅವನಿಗೆ ದಾಖಲೆಗಳ ಪ್ರತಿಗಳು ಬೇಕಾದಷ್ಟು ದೊರೆಯುತ್ತಿರಲಿಲ್ಲ. ಕೈಯಿಂದ ಬರೆಯೋಣವೆಂದರೆ ಕೀಲುನೋವು. 1938ರ ಅಕ್ಟೋಬರ್ 22ರಂದು, ಅಸ್ಟೋರಿಯಾ ಎಂಬಲ್ಲಿ ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ, ಅವನೂ ಅವನ ಸಹಾಯಕ ಆಟೋ ಕಾರ್ನೈಯೂ ಗಂಧಕವನ್ನು ಲೇಪಿಸಿದ ಒಂದು ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ಅದಕ್ಕೆ ವಿದ್ಯುತ್ತಿನ ಆವೇಶವನ್ನು ಕೊಟ್ಟರು. ಬಾಚಣಿಗೆಯನ್ನು ತಲೆಗೆ ಉಜ್ಜಿದರೆ ಕಾಗದದ ಚೂರುಗಳನ್ನು ಅದು ಎಳೆಯುವುದಲ್ಲವೆ, ಅದೇ ಬಗೆಯ ವಿದ್ಯುತ್ತು. ಆಮೇಲೆ ಮಸಿಯಲ್ಲಿ ಬರೆದ ಗಾಜನ್ನು ಅದರ ಮೇಲಿಟ್ಟು ಪ್ರಖರವಾದ ದೀಪವನ್ನು ತೋರಿಸಿದರು. ಬೆಳಕು ಬಿದ್ದ ಕಡೆ ಆವೇಶವು ಸೋರಿಹೋಯಿತು. ಅಕ್ಷರದ ನೆರಳಿದ್ದ ಕಡೆ ಉಳಿಯಿತು. ನುಣ್ಣನೆಯ ಪುಡಿಯನ್ನು ಚೆಲ್ಲಿ ಊದಿದಾಗ ಅಕ್ಷರವಿದ್ದಲ್ಲಿ ಮಾತ್ರ ಪುಡಿಯು ಅಂಟಿಕೊಂಡು ನಿಂತಿತು. ಮೇಣದ ಕಾಗದಕ್ಕೆ ಅದನ್ನು ಒತ್ತಿ ಬಿಸಿಮಾಡಿದಾಗ ಆ ದಿನದ ತಾರೀಖು ಮತ್ತು ಊರಿನ ಹೆಸರು ಅಚ್ಚಾಗಿ ಮೂಡಿದುವು. ಈ ತತ್ತ್ವವು ಎಲ್ಲರಿಗೂ ಒದಗುವ ಯಂತ್ರವಾಗಿ ಮಾರಾಟಕ್ಕೆ ಬರಬೇಕಾದರೆ 1959ರವರೆಗೆ ಕಾಯಬೇಕಾಯಿತು. ಮುಂದೆ 1970ರ ಆಸುಪಾಸಿನಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಎಂಬಾತನು ದೀಪದ ಬದಲು ಲೇಸರ್ ಕಿರಣದಿಂದಲೇ ಬರೆಯಿಸುವ ಯಂತ್ರವನ್ನು ಮಾಡಿದನು.

ಪುಡಿಯು ಕಾಗದದ ಮೇಲೆ ಬಿದ್ದೊಡನೆ ಯಂತ್ರದೊಳಗಿನ ಬಿಸಿಯಾದ ಉರುಳೆಗಳು ಅದನ್ನು ಕರಗಿಸಿ ಒತ್ತುವುವು. ಝೆರಾಕ್ಸ್ ಪ್ರತಿಯು ಯಂತ್ರದಿಂದ ಬೆಚ್ಚಗೆ ಹೊರಬರುವುದು ಇದಕ್ಕಾಗಿಯೇ. ಒಮ್ಮೆ ಬಿಸಿಯಿಂದ ಕರಗಿದ ಪ್ಲಾಸ್ಟಿಕ್ಕನ್ನು ಮತ್ತೊಮ್ಮೆ ಬಿಸಿಮಾಡಿದರೆ ಮತ್ತೆ ಕರಗಬೇಕಷ್ಟೆ. ಹಾಗಾದರೆ ಕಾಗದದಿಂದ ಅದನ್ನು ತಾಮ್ರಕ್ಕೆ ದಾಟಿಸಲು ಮನೆಯ ಇಸ್ತ್ರಿಪೆಟ್ಟಿಗೆಯೇ ಸಾಕು. ಇಂಕ್‌ಜೆಟ್ ಯಂತ್ರದ ಪ್ರತಿ ಇದಕ್ಕೆ ಆಗದು. ಅದರ ಶಾಯಿಯು ಕಾಗದದೊಳಕ್ಕೆ ಇಂಗಿಬಿಡುವುದು. ಟೋನರಾದರೋ ಕಾಗದದ ಮೇಲೆಯೇ ಕುಳಿತಿರುವುದು.

ನಮ್ಮ ಮಕ್ಕಳು ಆರಿಸಿಕೊಂಡದ್ದು ಎರಡು ದೀಪಗಳು ಒಂದಾದ ಮೇಲೊಂದು ಮಿಣುಕುವ ಸಣ್ಣ ಮಂಡಲವನ್ನು. ಬಿ.ಸಿ. 547 ಎಂಬ ಟ್ರಾನ್ಸಿಸ್ಟರ್ ಎರಡು, ಎಲ್.ಇ.ಡಿ. ದೀಪ ಎರಡು, 470 ಓಮಿನ ರೋಧಕ ಎರಡು, 47 ಸಾವಿರ ಓಮಿನವು ಎರಡು, 10 ಮೈಕ್ರೋಫ್ಯಾರಡಿನ ಕೆಪಾಸಿಟರ್ ಎರಡು. ಇಷ್ಟೆ. ಮೂರು ಟಾರ್ಚ್ ಸೆಲ್ಲುಗಳ 4.5 ವೋಲ್ಟಿನಲ್ಲಿ ಇದು ನಡೆಯುವುದು. ಕೆಪಾಸಿಟರಿನ ಮೌಲ್ಯವನ್ನೂ 47 ಸಾವಿರ ಓಮನ್ನೂ ಗುಣಿಸಿದರೆ 0.47 ಸೆಕೆಂಡು, ಅದನ್ನು 0.69ರಿಂದ ಗುಣಿಸಿದರೆ ಒಂದೊಂದು ದೀಪವು ಉರಿಯುವ ಕಾಲ, ಸುಮಾರು ಸೆಕೆಂಡಿನ ಮೂರನೆಯ ಒಂದು ಪಾಲು. ಹತ್ತನೆಯ ತರಗತಿಯವರು ಗಡಿಯಾರವನ್ನು ಹಿಡಿದು ಎಣಿಸಿ ನೋಡಿ, ಲೆಕ್ಕವೂ ದೀಪವೂ ಹೆಚ್ಚುಕಡಮೆ ಒಪ್ಪಿದುವೆಂದು ಹೇಳಿದರು.

ನಕ್ಷೆಯನ್ನು ಕಾಗದದ ಮೇಲೆ ಕರಿಯ ಮಸಿಯಿಂದ ಬರೆದು ಝೆರಾಕ್ಸ್ ಮಾಡಿಸಬಹುದು. ಅಥವಾ ಕಂಪ್ಯೂಟರಿನಲ್ಲಿ ಕೀಕ್ಯಾಡ್ ಎಂಬ ಉಚಿತ ತಂತ್ರಾಂಶದಿಂದ ಬರೆದು ಲೇಸರ್ ಯಂತ್ರದಲ್ಲಿ ಅಚ್ಚುಹಾಕಬಹುದು. ಗೆರೆಗಳು ಒಂದು ಮಿಲಿಮೀಟರಿಗೆ ಕಡಮೆಯಿಲ್ಲದಂತಿದ್ದರೆ ಕೈಕೆಲಸಕ್ಕೆ ಒಳ್ಳೆಯದು. ಆದರೆ ಇಲ್ಲಿಯೇ ಮೊದಲ ಸಲದವರೆಲ್ಲರೂ ಎಡವುವ ಒಂದು ಸ್ಥಳವಿದೆ. ನಾವೂ ಎಡವಿದೆವು. ಕಾಗದದ ಅಚ್ಚಾದ ಮೈಯನ್ನು ತಾಮ್ರಕ್ಕೆ ಮುಖಮಾಡಿ ಒತ್ತುವುದರಿಂದ, ಮೂಡುವ ಚಿತ್ರವು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಗುಚಿರುವುದು. ಆದುದರಿಂದ ಅಚ್ಚುಹಾಕುವಾಗಲೇ ಚಿತ್ರವನ್ನು ಮಗುಚಬೇಕೆಂದು ನಾವು ತೀರ್ಮಾನಿಸಿದೆವು. ತೀರ್ಮಾನವು ತಪ್ಪಾಗಿತ್ತು. ಏತಕ್ಕೆಂದರೆ ನಾವು ನಕ್ಷೆಯನ್ನು ಬರೆದದ್ದು ಬಿಡಿಭಾಗಗಳು ನಿಲ್ಲುವ ಮೇಲ್ಮೈಯಿಂದ ನೋಡುತ್ತ, ಹಲಗೆಯು ಗಾಜಾಗಿದ್ದರೆ ಅದರ ಮೂಲಕ ಅಡಿಯ ತಾಮ್ರವು ಹೇಗೆ ಕಾಣುವುದೋ ಹಾಗೆ. ಹಲಗೆಯನ್ನು ತಿರುಗಿಸಿ ತಾಮ್ರದ ಕಡೆಯಿಂದ ನೋಡಿದಾಗ ಆ ದಾರಿಗಳು ಮಗುಚಿಯೇ ಇರಬೇಕು. ಒತ್ತುವಾಗ ತಾನಾಗಿ ಆಗುವ ಮಗುಚುವಿಕೆಯೇ ಅಲ್ಲಿಗೆ ಸಾಕಾಗಿತ್ತು. ನಾವು ಇನ್ನೊಂದನ್ನು ಸೇರಿಸಿ ಕೆಡಿಸಿದೆವು.

ಎಲ್ಲವನ್ನೂ ಬೆಸೆದ ಮೇಲೆ ದೀಪಗಳು ಮಿಣುಕಲಿಲ್ಲ. ಒಂದು ಮಧ್ಯಾಹ್ನವೆಲ್ಲ ಹುಡುಕಿದೆವು. ಕೊನೆಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು, ಟ್ರಾನ್ಸಿಸ್ಟರಿನ ಎಡಗಾಲು ಬಲಗಾಲುಗಳು ಅದಲುಬದಲಾಗಿರುವುದನ್ನು ತೋರಿಸಿಕೊಟ್ಟಳು. ರೋಧಕಗಳಿಗೆ ಎಡಬಲದ ಭೇದವಿಲ್ಲ. ಈ ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ ಬೇಸ್ ಎಂಬುದು ನಡುವಿನದಾಗಿದ್ದರಿಂದ, ಅದನ್ನು ಕಿತ್ತು ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದರೆ ಸಾಕಾಯಿತು; ಹಲಗೆ ಉಳಿಯಿತು. ಎಂಟು ಕಾಲುಗಳ ಐ.ಸಿ. ಆಗಿದ್ದರೆ ಹೀಗೆ ಪಾರಾಗುವಂತಿರಲಿಲ್ಲ. ಅಂದಿನಿಂದ ನಕ್ಷೆಯ ಮೂಲೆಯಲ್ಲಿ ಒಂದು ಕನ್ನಡ ಅಕ್ಷರವನ್ನು, ತಾಮ್ರದ ಕಡೆಯಿಂದ ನೋಡಿದಾಗ ನೆಟ್ಟಗೆ ಕಾಣಬೇಕಾದ ರೀತಿಯಲ್ಲಿ, ಎಂದರೆ ನಕ್ಷೆಯಲ್ಲಿ ಮಗುಚಿ ಬರೆಯುವ ಪದ್ಧತಿಯನ್ನಿಟ್ಟುಕೊಂಡಿದ್ದೇವೆ. ಹಲಗೆಯ ಮೇಲೆ ಅಕ್ಷರವನ್ನು ಓದಲು ಬಂದರೆ ದಾರಿಗಳೂ ಸರಿಯಾಗಿವೆಯೆಂದು ಅರ್ಥ. 'ರ' ಮತ್ತು 'ಠ' ಈ ಕೆಲಸಕ್ಕೆ ಬಾರವು. ಮಗುಚಿದರೂ ಅವು ಹೆಚ್ಚುಕಡಮೆ ಹಾಗೆಯೇ ಕಾಣುವುವು. 'ಹ' ಅಥವಾ 'ಯ' ಒಳ್ಳೆಯದು.

ಕಾಗದವು ಹೊಳಪಿನದಾಗಿರಬೇಕು. ವಾರಪತ್ರಿಕೆಗಳ ನುಣುಪು ಹಾಳೆಯಾದರೆ ಅದರ ಮೇಲಿನ ಜೇಡಿಯ ಲೇಪವು ನೀರಿನಲ್ಲಿ ಮೆತ್ತಗಾಗಿ ಟೋನರನ್ನು ಸುಲಭವಾಗಿ ಬಿಟ್ಟುಕೊಡುವುದು. ಇಂಕ್‌ಜೆಟ್ ಯಂತ್ರಕ್ಕೆಂದು ಮಾರುವ ಕೆಲವು ಫೋಟೋ ಕಾಗದಗಳ ಮೇಲೆ ಪ್ಲಾಸ್ಟಿಕ್ಕಿನ ಪೊರೆಯಿರುವುದು. ಅವು ಲೇಸರ್ ಯಂತ್ರದ ಬಿಸಿ ಉರುಳೆಗೆ ಕರಗಿ ಅಂಟಿ ಯಂತ್ರವನ್ನೇ ಕೆಡಿಸಬಲ್ಲುವು. ಆದ್ದರಿಂದ ಅಂಗಡಿಯವರನ್ನು ಕೇಳದೆ ಯಾವ ಹಾಳೆಯನ್ನೂ ಯಂತ್ರಕ್ಕೆ ಕೊಡತಕ್ಕದ್ದಲ್ಲ. ಅಚ್ಚು ಆದಷ್ಟು ಕಪ್ಪಾಗಿರಬೇಕು.

ತಾಮ್ರವನ್ನು ನುಣ್ಣನೆಯ ಮರಳುಕಾಗದದಿಂದ ಉಜ್ಜಿ, ಪಾತ್ರೆ ತೊಳೆಯುವ ಪುಡಿಯಿಂದ ತೊಳೆದು ಒಣಗಿಸಿದ ಮೇಲೆ ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದ ಕಡೆ ಟೋನರ್ ಹಿಡಿಯುವುದಿಲ್ಲ. ಹಲಗೆಯನ್ನು ಮರದ ಮಣೆಯ ಮೇಲಿಟ್ಟು, ಕಾಗದವನ್ನು ಮುಖ ಕೆಳಗಾಗಿ ಹರಡಿ, ಹತ್ತಿಬಟ್ಟೆಗೆ ಬೇಕಾಗುವಷ್ಟು ಬಿಸಿಯಾದ ಇಸ್ತ್ರಿಪೆಟ್ಟಿಗೆಯಿಂದ ಒತ್ತಬೇಕು. ಆವಿ ಬಿಡುವ ಪೆಟ್ಟಿಗೆಯಾದರೆ ಅದರ ನೀರನ್ನು ಮೊದಲೇ ಚೆಲ್ಲಿರಬೇಕು. ಮೊದಲ ಅರ್ಧ ನಿಮಿಷ ಅಲುಗಾಡಿಸದೆ ಭಾರ ಬಿಟ್ಟು, ಆಮೇಲೆ ಅಂಚುಗಳಿಗೆ ತುದಿಯನ್ನು ಆಡಿಸುತ್ತ ನಾಲ್ಕೈದು ನಿಮಿಷ. ಹೆಚ್ಚಾದರೆ ಟೋನರ್ ಹರಡಿ ಗೆರೆಗಳು ಒಂದಕ್ಕೊಂದು ಕೂಡಿಕೊಳ್ಳುವುವು. ತಣಿದ ಮೇಲೆ ಕಾಲು ಗಂಟೆ ನೀರಿನಲ್ಲಿ ನೆನೆಹಾಕಿ, ಕಾಗದವನ್ನು ಎಳೆಯದೆ ಹೆಬ್ಬೆರಳಿನಿಂದ ತೀಡಿ ತೀಡಿ ಬಿಡಿಸಬೇಕು. ಅವಸರದ ಮಕ್ಕಳ ಹಲಗೆಗಳು ಕೆಡುವುದು ಈ ಹಂತದಲ್ಲಿಯೇ. ಗೆರೆ ಎಲ್ಲಿಯಾದರೂ ತುಂಡಾಗಿದ್ದರೆ ಅಳಿಸದ ಶಾಯಿಯ ಮಾರ್ಕರ್ ಪೆನ್ನಿನಿಂದ ತಿದ್ದಬಹುದು.

ಇನ್ನು ಆ ಕಂದು ದ್ರವ. ಅದರ ಹೆಸರು ಫೆರಿಕ್ ಕ್ಲೋರೈಡ್. ಕಬ್ಬಿಣ ಮತ್ತು ಕ್ಲೋರಿನ್ ಸೇರಿ ಆದ ಲವಣ. ಅದರಲ್ಲಿರುವ ಕಬ್ಬಿಣದ ಅಯಾನುಗಳಿಗೆ ಮೂರು ಎಲೆಕ್ಟ್ರಾನುಗಳ ಕೊರತೆ. ಹತ್ತಿರದಲ್ಲಿ ತಾಮ್ರ ದೊರೆತರೆ ಒಂದೊಂದು ಅಯಾನೂ ಒಂದೊಂದು ಎಲೆಕ್ಟ್ರಾನನ್ನು ಕಿತ್ತುಕೊಳ್ಳುವುದು. ಎರಡನ್ನು ಕಳೆದುಕೊಂಡ ತಾಮ್ರದ ಪರಮಾಣುವಿಗೆ ಲೋಹವಾಗಿ ನಿಲ್ಲಲು ಸಾಧ್ಯವಿಲ್ಲದೆ ಅದು ನೀರಿಗಿಳಿದು ಕರಗುವುದು. ಟೋನರಿನ ಪ್ಲಾಸ್ಟಿಕ್ಕು ಈ ಕೊಡುಕೊಳ್ಳುವಿಕೆಯಲ್ಲಿ ಸೇರುವುದಿಲ್ಲವಾದ್ದರಿಂದ ಅದರಡಿಯ ತಾಮ್ರ ಉಳಿಯುವುದು. ಪುಡಿಯನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು, ಬಹಳ ಬಿಸಿಯೇರುವುದು. ಪಾತ್ರೆ, ಇಕ್ಕಳ ಎಲ್ಲವೂ ಪ್ಲಾಸ್ಟಿಕ್ಕಿನವಾಗಿರಬೇಕು. ಕಬ್ಬಿಣ ಅಲ್ಯುಮಿನಿಯಂಗಳನ್ನು ಈ ದ್ರಾವಣವು ತಿಂದುಹಾಕುವುದು. ರಬ್ಬರಿನ ಕೈಚೀಲ, ಕಣ್ಣಿಗೆ ಕನ್ನಡಕ, ಹಳೆಯ ಅಂಗಿ, ತೆರೆದ ಕಿಟಕಿ, ಜೊತೆಯಲ್ಲಿ ಒಬ್ಬ ಹಿರಿಯರು: ಇವಿಲ್ಲದೆ ಮುಚ್ಚಳವನ್ನು ತೆರೆಯಕೂಡದು. ಚರ್ಮಕ್ಕೆ ತಾಗಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಕಾಲು ಗಂಟೆ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ತಟ್ಟೆಯನ್ನು ಬಿಸಿನೀರಿನ ದೊಡ್ಡ ಪಾತ್ರೆಯಲ್ಲಿಟ್ಟು ತೂಗುತ್ತಿದ್ದರೆ ಇಪ್ಪತ್ತು ನಿಮಿಷದೊಳಗೆ ಕೆಲಸ ಮುಗಿಯಬಹುದು. ಮುಗಿದ ಮೇಲೂ ಮರೆತು ಬಿಟ್ಟರೆ ಟೋನರಿನಡಿಯ ತಾಮ್ರವನ್ನೂ ಅದು ಪಕ್ಕದಿಂದ ಕೊರೆಯುವುದು.

ಉಳಿದದ್ದು ಸುಲಭ. ಟೋನರನ್ನು ಅಸಿಟೋನಿನಿಂದ ಒರಸಿ, ಒಂದು ಮಿಲಿಮೀಟರಿನ ಬೈರಿಗೆಯಿಂದ ತೂತುಗಳನ್ನು ಕೊರೆದು, ಭಾಗಗಳನ್ನು ನಿಲ್ಲಿಸಿ ಬೆಸೆಯುವುದು. ಬೆಸುಗೆಯ ತಂತಿಯಲ್ಲಿ ಸೀಸವಿರುವುದುಂಟು. ಕೈ ತೊಳೆಯದೆ ತಿಂಡಿಯ ಡಬ್ಬಿಯನ್ನು ಮುಟ್ಟಬಾರದು.

ಇಷ್ಟು ಕಷ್ಟಪಡುವುದಕ್ಕಿಂತ ಹಲಗೆಯನ್ನು ಕಾರ್ಖಾನೆಯಿಂದ ತರಿಸಬಾರದೆ ಎಂದು ತಂದೆಯೊಬ್ಬರು ಕೇಳಿದರು. ತರಿಸಬಹುದು, ಅಂದವಾಗಿಯೂ ಇರುವುದು. ಹತ್ತಾರು ಬೇಕಾದರೆ ಅದೇ ಅಗ್ಗ. ಆದರೆ ಹಾಗೆ ತರಿಸಿದ್ದರೆ ಎಡಗಾಲು ಬಲಗಾಲಿನ ಆ ಮಧ್ಯಾಹ್ನವು ನಮಗೆ ದೊರೆಯುತ್ತಿರಲಿಲ್ಲ.

ಈಗ ಮೂರನೆಯ ಪ್ರಶ್ನೆ. ಉಪಯೋಗಿಸಿದ ದ್ರಾವಣದಲ್ಲಿ ಕರಗಿದ ತಾಮ್ರವಿದೆ. ಐದು ಸೆಂಟಿಮೀಟರಿಗೆ ಏಳು ಸೆಂಟಿಮೀಟರಿನ ಹಲಗೆಯ ಮೇಲಿರುವ ತಾಮ್ರವೆಲ್ಲ ಸುಮಾರು 1.1 ಗ್ರಾಂ, ಅದರಲ್ಲಿ ಮೂರನೆಯ ಎರಡು ಪಾಲು ಕರಗಿದರೆ 0.7 ಗ್ರಾಂ. ಸಣ್ಣ ಮೊತ್ತವೆಂದು ತೋರಬಹುದು. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 2 ಮಿಲಿಗ್ರಾಂ ತಾಮ್ರಕ್ಕಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ; ಆ ಲೆಕ್ಕದಲ್ಲಿ ಒಂದೇ ಹಲಗೆಯ ತಾಮ್ರವು 350 ಲೀಟರು ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲುದು. ಮೀನುಗಳಿಗೆ ಇದಕ್ಕಿಂತ ಬಹು ಕಡಮೆಯೂ ಕೇಡೇ. ನಮ್ಮ ಕಾಸರಗೋಡಿನ ಮುರಕಲ್ಲಿನ ನೆಲದಲ್ಲಿ ಬಚ್ಚಲ ನೀರಿಗೂ ಬಾವಿಗೂ ನಡುವೆ ಇರುವ ದೂರ ಎಷ್ಟೆಂಬುದು ಎಲ್ಲರೂ ಬಲ್ಲ ಸಂಗತಿ. ಮೊದಲ ಸಲದ ದ್ರಾವಣವನ್ನು ನಾವು ಮುಚ್ಚಿಟ್ಟಿದ್ದೆವೇ ಹೊರತು ಏನು ಮಾಡಬೇಕೆಂದು ತೋಚಿರಲಿಲ್ಲ.

ಆಗ ಕಂಗಿನ ತೋಟವುಳ್ಳ ತಂದೆಯೊಬ್ಬರು ದ್ರಾವಣವನ್ನು ನೋಡಿ, "ಇದು ನಮ್ಮ ಮದ್ದಿನ ತಾಮ್ರವೇ ಅಲ್ಲವೆ?" ಎಂದರು. ಅಡಕೆಯ ಕೊಳೆರೋಗಕ್ಕೆ ನಮ್ಮವರು ಮಳೆಗಾಲದಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ 100 ಲೀಟರು ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತು, ಒಂದು ಕಿಲೋಗ್ರಾಂ ಸುಣ್ಣ. ಮೈಲುತುತ್ತೆಂದರೆ ತಾಮ್ರದ ಸಲ್ಫೇಟು. ಅದರ ತೂಕದ ಕಾಲು ಭಾಗ ತಾಮ್ರ. ಸುಣ್ಣ ಸಾಲದಿದ್ದರೆ ಬಿಡಿಯಾದ ತಾಮ್ರವು ಎಲೆ ಕಾಯಿಗಳನ್ನು ಸುಡುವುದು. ಅದನ್ನು ತಿಳಿಯಲು ತೋಟದವರು ಮಾಡುವ ಪರೀಕ್ಷೆ ಬಹಳ ಸರಳ: ಉಜ್ಜಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಹಿಡಿಯುವುದು. ಕತ್ತಿಯ ಮೇಲೆ ಕೆಂಪು ಕಟ್ಟಿದರೆ ಇನ್ನೂ ಸುಣ್ಣ ಬೇಕು. ಕಬ್ಬಿಣವು ಕರಗಿ, ಆ ಜಾಗದಲ್ಲಿ ತಾಮ್ರವು ಲೋಹವಾಗಿ ಕೂಡುವುದೇ ಆ ಕೆಂಪು. ನಮ್ಮ ತಟ್ಟೆಯಲ್ಲಿ ನಡೆಯುವ ಎಲೆಕ್ಟ್ರಾನುಗಳ ವ್ಯಾಪಾರವೇ ಇಲ್ಲಿಯೂ, ಈ ಸಲ ತಾಮ್ರ ಪಡೆಯುವ ಕಡೆಯಲ್ಲಿ.

ಅವರು ಹೇಳಿದಂತೆಯೇ ಮಾಡಿದೆವು. ದ್ರಾವಣವನ್ನು ಪ್ರತಿ ಸಲವೂ ಚೆಲ್ಲಬೇಕಾಗಿಲ್ಲ. 100 ಗ್ರಾಂ ಪುಡಿಯಿಂದ ಹತ್ತು ಸಣ್ಣ ಹಲಗೆಗಳಾದರೂ ಆಗುವುವು. ಅದು ಹಸಿರಿಗೆ ತಿರುಗಿ ಕೆಲಸ ನಿಧಾನವಾದ ಮೇಲೆ, ಹೊರಗಿನ ಅಂಗಳದಲ್ಲಿ, ದೊಡ್ಡ ಪ್ಲಾಸ್ಟಿಕ್ ಬಕೆಟಿನಲ್ಲಿ ಬಹಳಷ್ಟು ನೀರು ಬೆರೆಸಿ, ಸುಣ್ಣದ ತಿಳಿಯಲ್ಲ, ಸುಣ್ಣದ ಹಾಲನ್ನು ಸ್ವಲ್ಪಸ್ವಲ್ಪವಾಗಿ ಹೊಯ್ದು ಕಲಕಿದೆವು. ತಾಮ್ರವೂ ಕಬ್ಬಿಣವೂ ಕಂದು ಹಸಿರಿನ ಮಡ್ಡಿಯಾಗಿ ತಳಕ್ಕಿಳಿದುವು. ಕೆಂಪು ಲಿಟ್ಮಸ್ ಕಾಗದವು ನೀಲಿಯಾದಾಗ ನಿಲ್ಲಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟು, ಮೇಲಿನ ತಿಳಿಯಲ್ಲಿ ಉಜ್ಜಿದ ಮೊಳೆಯನ್ನು ಇಳಿಬಿಟ್ಟೆವು. ಮೊದಲ ಸಲ ಮೊಳೆಯ ತುದಿ ನಸುಗೆಂಪಾಯಿತು. ಮತ್ತಷ್ಟು ಸುಣ್ಣ ಹಾಕಿದ ಮೇಲೆ ಅದು ಬೆಳ್ಳಗೇ ಉಳಿಯಿತು. ತಿಳಿಯನ್ನು ಬಾವಿಯಿಂದ ದೂರದಲ್ಲಿ ಆಳವಿಲ್ಲದ ತೊಟ್ಟಿಯಲ್ಲಿ ಬಿಸಿಲಿಗೆ ಆರಲು ಬಿಟ್ಟೆವು. ಮಡ್ಡಿಯನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ, ಅಷ್ಟೇ ಸಿಮೆಂಟು ಕಲಸಿ ಹಳೆಯ ಡಬ್ಬಿಯೊಂದರಲ್ಲಿ ಗಟ್ಟಿಮಾಡಿದೆವು. ಕಳೆದ ವರ್ಷದ ಹನ್ನೊಂದು ಹಲಗೆಗಳ ಮಡ್ಡಿಯೆಲ್ಲ ಸೇರಿ ಒಂದು ಇಟ್ಟಿಗೆಯಷ್ಟೂ ಆಗಿಲ್ಲ. ಆ ಡಬ್ಬಿಯು ವಿಜ್ಞಾನದ ಕೊಠಡಿಯ ಬೀಗ ಹಾಕಿದ ಕಪಾಟಿನಲ್ಲಿದೆ. ಮೊಳೆಯೂ ಅದರ ಪಕ್ಕದಲ್ಲಿಯೇ ಇದೆ. ನೋಡಬಯಸುವ ತಾಯಂದಿರು ಯಾವ ದಿನ ಬಂದರೂ ತೋರಿಸುವೆವು.